ಕಥಾಬೀಜ (ಒಂದು ವಾಕ್ಯದ ಕಥಾಸಾರ)

ಕಥಾಬೀಜ ಎಂಬುದು ಒಂದು ಕಥೆ, ಕಾದಂಬರಿ, ನಾಟಕ ಅಥವಾ ಚಲನಚಿತ್ರದ ಮೂಲ ಸಂಘರ್ಷವನ್ನು ಒಂದೇ ವಾಕ್ಯದಲ್ಲಿ ಹಿಡಿದಿಡುವ ಹೇಳಿಕೆ. ಕಥೆ ಯಾರದು, ಆ ವ್ಯಕ್ತಿಗೆ ಏನು ಬೇಕಾಗಿದೆ, ಏಕೆ ಬೇಕಾಗಿದೆ, ಅದನ್ನು ತಡೆಯುವುದು ಯಾವುದು, ದೊರೆಯದಿದ್ದರೆ ಆಗುವ ನಷ್ಟವೇನು ಎಂಬ ಪ್ರಶ್ನೆಗಳಿಗೆ ಉತ್ತಮವಾದ ಕಥಾಬೀಜದಲ್ಲಿ ಉತ್ತರವಿರುತ್ತದೆ. ಇವುಗಳ ಪೈಕಿ 'ಏಕೆ ಬೇಕು' ಎಂಬುದನ್ನು ಪ್ರೇರಣೆಯೆಂದೂ 'ಆಗುವ ನಷ್ಟವೇನು' ಎಂಬುದನ್ನು ಪಣವೆಂದೂ ಕರೆಯಬಹುದು. ಹೊಸಬರು ಬರೆಯುವ ಬೀಜವಾಕ್ಯಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದು ಈ ಎರಡೇ. ಕಥೆಯನ್ನು ಬರೆಯಲು ತೊಡಗುವ ಮೊದಲು ಈ ವಾಕ್ಯವನ್ನು ಹಲವು ಬಾರಿ ತಿದ್ದಿ ಗಟ್ಟಿಗೊಳಿಸುವ ಅಭ್ಯಾಸವು ಚಿತ್ರಕಥಾ ರಚನೆಯಲ್ಲಿ ರೂಢಿಯಲ್ಲಿದ್ದು, ಸಣ್ಣಕಥೆ ಮತ್ತು ನಾಟಕ ರಚನೆಯ ಶಿಬಿರಗಳಲ್ಲಿಯೂ ಬಳಕೆಯಲ್ಲಿದೆ.

ಪದಬಳಕೆ

ಕನ್ನಡ ಚಿತ್ರರಂಗದಲ್ಲಿ ಇದನ್ನು 'ಒನ್‌ಲೈನ್', 'ಕಥೆಯ ಎಳೆ', 'ಒಂದೆಳೆ' ಎಂದು ಕರೆಯುವರು. ಇಂಗ್ಲಿಷಿನ 'ಲಾಗ್‌ಲೈನ್' ಎಂಬ ಪದವೂ ಕೇಳಿಬರುತ್ತದೆ. ದೃಶ್ಯಗಳನ್ನು ಅನುಕ್ರಮವಾಗಿ ಒಂದೊಂದು ಸಾಲಿನಲ್ಲಿ ಪಟ್ಟಿ ಮಾಡುವ 'ಒನ್‌ಲೈನ್ ಆರ್ಡರ್' ಎಂಬುದು ಬೇರೆ. ಅದು ಕಥೆ ಸಿದ್ಧವಾದ ಮೇಲಿನ ಕೆಲಸ. ಕಥಾವಸ್ತು ಎಂಬ ಪದವನ್ನೂ ಕೆಲವರು ಇದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಕಥಾವಸ್ತುವಿನ ವ್ಯಾಪ್ತಿ ದೊಡ್ಡದು. 'ಬರಗಾಲ', 'ದಾಂಪತ್ಯ', 'ಜಾತಿಪದ್ಧತಿ' ಇವು ವಸ್ತುಗಳೇ ಹೊರತು ಬೀಜಗಳಲ್ಲ, ಏಕೆಂದರೆ ಅವುಗಳಲ್ಲಿ ಯಾರೂ ಏನನ್ನೂ ಬಯಸುತ್ತಿಲ್ಲ.

ಹಿನ್ನೆಲೆ

ಕಥೆಯನ್ನು ಕುಗ್ಗಿಸಿ ನೋಡುವ ಪದ್ಧತಿ ಪ್ರಾಚೀನವಾದುದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ, ಕವಿಯು ಮೊದಲು ಕಥೆಯ ಸ್ಥೂಲರೂಪವನ್ನು ಹೆಸರುಗಳಿಲ್ಲದೆ ನಿಲ್ಲಿಸಿಕೊಳ್ಳಬೇಕು, ಆಮೇಲೆ ಹೆಸರುಗಳನ್ನಿಟ್ಟು ಉಪಕಥೆಗಳಿಂದ ತುಂಬಬೇಕು ಎಂಬ ಸಲಹೆಯನ್ನು ಕೊಡುತ್ತಾನೆ. ಇಪ್ಪತ್ನಾಲ್ಕು ಸರ್ಗಗಳ 'ಒಡಿಸ್ಸಿ' ಮಹಾಕಾವ್ಯದ ಸಾರವನ್ನು ಕೆಲವೇ ಸಾಲುಗಳಲ್ಲಿ ಹೇಳಿ, ಉಳಿದುದೆಲ್ಲ ಉಪಕಥೆ ಎನ್ನುತ್ತಾನೆ.

ಭಾರತದಲ್ಲಿ ಭರತನ ನಾಟ್ಯಶಾಸ್ತ್ರವು ನಾಟಕದ ಇತಿವೃತ್ತಕ್ಕೆ ಐದು ಅರ್ಥಪ್ರಕೃತಿಗಳನ್ನು ಹೇಳುತ್ತದೆ: ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯ. ಆರಂಭದಲ್ಲಿ ಅಲ್ಪವಾಗಿ ಕಾಣಿಸಿಕೊಂಡು, ಮುಂದೆ ಹಲವು ಬಗೆಯಾಗಿ ಹಬ್ಬಿ, ಫಲದಲ್ಲಿ ಕೊನೆಗೊಳ್ಳುವುದೇ ಬೀಜ. ಇದರ ಜೊತೆಗೆ ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನೂ ಶಾಸ್ತ್ರ ಹೇಳುತ್ತದೆ. ಈ ಅವಸ್ಥೆಗಳ ಹೆಸರುಗಳನ್ನು ಗಮನಿಸಿದರೆ, ಫಲವನ್ನು ಬಯಸುವ ಒಬ್ಬ ವ್ಯಕ್ತಿಯಿಲ್ಲದೆ ಅವುಗಳಿಗೆ ಅರ್ಥವೇ ಇಲ್ಲವೆಂಬುದು ತಿಳಿಯುತ್ತದೆ. ಪಾತ್ರದ ಬಯಕೆಯೇ ಕಥೆಯನ್ನು ನಡೆಸುತ್ತದೆಂಬ ಮಾತು ಇತ್ತೀಚೆಗೆ ಪಶ್ಚಿಮದಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ' ಇದಕ್ಕೆ ಒಳ್ಳೆಯ ಉದಾಹರಣೆ. ನಂದರ ಸ್ವಾಮಿನಿಷ್ಠ ಅಮಾತ್ಯನಾದ ರಾಕ್ಷಸನನ್ನು ಕೊಲ್ಲದೆ ಒಲಿಸಿಕೊಂಡು ಚಂದ್ರಗುಪ್ತನ ಮಂತ್ರಿಯಾಗಿಸಬೇಕೆಂಬ ಚಾಣಕ್ಯನ ಸಂಕಲ್ಪವೇ ಇಡೀ ನಾಟಕದ ಬೀಜ.

ಕನ್ನಡದ ವಿದ್ಯಾರ್ಥಿಗಳಿಗೆ ಭಾರತೀಯ ಕಾವ್ಯತತ್ವಗಳನ್ನು ಸಮಗ್ರವಾಗಿ ಪರಿಚಯಿಸಿದ ಗ್ರಂಥ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953). ತೀ.ನಂ.ಶ್ರೀ. (1906–1966) ಅವರು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಹೆಸರಿನ ಮೊದಲಕ್ಷರ ಆ ಊರಿನದೇ. ರನ್ನನ 'ಗದಾಯುದ್ಧ'ದ ಸಂಗ್ರಹವನ್ನು ಸಂಪಾದಿಸಿದವರೂ ಅವರೇ. ಕಥಾಬೀಜದ ದೃಷ್ಟಿಯಿಂದ 'ಗದಾಯುದ್ಧ' ವಿಶೇಷವಾಗಿ ಗಮನಾರ್ಹವಾದ ಕಾವ್ಯ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ರನ್ನನು ಮಹಾಭಾರತದ ಕಥೆಯನ್ನೆಲ್ಲ ಭೀಮನ ಒಂದು ಪ್ರತಿಜ್ಞೆಯ ಸುತ್ತ ಕಟ್ಟಿದನು. ದುರ್ಯೋಧನನ ತೊಡೆಯನ್ನು ಮುರಿಯುವವರೆಗೆ ದ್ರೌಪದಿಯ ಬಿಚ್ಚಿದ ಮುಡಿ ಕಟ್ಟಲ್ಪಡದು. ಹಿಂದೆ ನಡೆದುದೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಬಂದು ಈ ಒಂದು ಮಾತಿಗೆ ಸೇರಿಕೊಳ್ಳುತ್ತದೆ. ಬಯಕೆ, ಪ್ರೇರಣೆ, ಪಣ ಮೂರೂ ಒಂದೇ ಮುಡಿಯಲ್ಲಿವೆ.

ಇಪ್ಪತ್ತನೆಯ ಶತಮಾನದಲ್ಲಿ ಇ.ಎಂ. ಫಾರ್ಸ್ಟರ್ ಅವರು 'ಆಸ್ಪೆಕ್ಟ್ಸ್ ಆಫ್ ದ ನಾವೆಲ್' (1927) ಕೃತಿಯಲ್ಲಿ ಒಂದಾದ ಮೇಲೊಂದು ಘಟನೆ ಬರುವುದಕ್ಕೂ ಒಂದರ ಕಾರಣದಿಂದ ಇನ್ನೊಂದು ಬರುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದರು. ಲಾಯೋಶ್ ಎಗ್ರಿ ಅವರ 'ದಿ ಆರ್ಟ್ ಆಫ್ ಡ್ರಮ್ಯಾಟಿಕ್ ರೈಟಿಂಗ್' (1946) ನಾಟಕಕ್ಕೆ ಒಂದು ವಾಕ್ಯದ ಪ್ರಮೇಯ ಇರಲೇಬೇಕೆಂದು ವಾದಿಸಿತು. ಎಗ್ರಿಯವರ ಪ್ರಮೇಯವು ಕಥೆ ಸಾಧಿಸಿ ತೋರಿಸುವ ತತ್ವ. ಚಿತ್ರರಂಗದ ಒನ್‌ಲೈನ್ ಕಥೆಯ ಸನ್ನಿವೇಶ. ಎರಡನ್ನೂ ಒಂದೇ ಎಂದು ತಿಳಿದು 'ದುರಾಸೆಯೇ ನಾಶಕ್ಕೆ ಕಾರಣ' ಎಂಬಂಥ ವಾಕ್ಯವನ್ನು ಬರೆದು ಮುಂದೆ ಏನು ಬರೆಯಬೇಕೆಂದು ತೋಚದೆ ನಿಲ್ಲುವವರು ಬಹಳ.

ಪಣ

ಪಣವೆಂದರೆ ಕಥೆಯ ವ್ಯಕ್ತಿಯು ಸೋತರೆ ಕಳೆದುಕೊಳ್ಳುವ ವಸ್ತು. ಅದು ಪ್ರಾಣವೇ ಆಗಬೇಕಿಲ್ಲ. ಮಾನ, ಮನೆ, ಮಗು, ನಂಬಿಕೆ, ಒಂದು ಹಳೆಯ ಸ್ನೇಹ, ಯಾವುದೂ ಆಗಬಹುದು. ಅದು ಆ ವ್ಯಕ್ತಿಗೆ ಭರಿಸಲಾಗದ ನಷ್ಟವಾಗಿರಬೇಕೆಂಬುದಷ್ಟೇ ನಿಯಮ. 'ಊರೇ ನಾಶವಾಗುತ್ತದೆ' ಎಂಬ ದೊಡ್ಡ ಪಣಕ್ಕಿಂತ 'ತಂಗಿಯ ಎದುರು ಸುಳ್ಳುಗಾರನಾಗುತ್ತಾನೆ' ಎಂಬ ಚಿಕ್ಕ ಪಣ ಓದುಗರನ್ನು ಹೆಚ್ಚು ಬಾಧಿಸುವುದುಂಟು.

ಕನ್ನಡನಾಡಿನ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಕಥೆಯಲ್ಲಿ ಪಣದ ಸ್ವರೂಪ ಅತ್ಯಂತ ಸ್ಪಷ್ಟವಾಗಿದೆ. ಹುಲಿಯ ಬಾಯಿಗೆ ಸಿಕ್ಕ ಹಸು, ಕರುವಿಗೆ ಹಾಲುಣಿಸಿ ಮರಳಿ ಬರುವೆನೆಂದು ಮಾತು ಕೊಡುತ್ತದೆ. ಮರಳಿದರೆ ಕರು ತಬ್ಬಲಿ, ಮರಳದಿದ್ದರೆ ಮಾತು ಸುಳ್ಳು. ಯಾವ ಕಡೆಗೆ ಹೋದರೂ ನಷ್ಟವಿದೆ. 'ಹಸುವೊಂದು ಹುಲಿಯಿಂದ ತಪ್ಪಿಸಿಕೊಳ್ಳಲು ಯತ್ನಿಸುತ್ತದೆ' ಎಂದು ಇದೇ ಕಥೆಯನ್ನು ಹೇಳಿದ್ದರೆ ಅಪಾಯ ಉಳಿಯುತ್ತಿತ್ತು, ಆಯ್ಕೆ ಉಳಿಯುತ್ತಿರಲಿಲ್ಲ. ಅಪಾಯವನ್ನೇ ಪಣವೆಂದು ತಿಳಿಯಬಾರದು. ಹುಲಿಗೂ ಇಲ್ಲಿ ಹಸಿವೆಂಬ ನ್ಯಾಯವಾದ ಕಾರಣವಿದೆ ಎಂಬುದನ್ನೂ ಗಮನಿಸಬೇಕು. ಎದುರಾಳಿಯ ಪ್ರೇರಣೆ ನ್ಯಾಯವಾಗಿದ್ದಷ್ಟೂ ಕಥೆ ಬಲಗೊಳ್ಳುತ್ತದೆ.

ಪಣಕ್ಕೆ ಕಾಲಮಿತಿ ಸೇರಿದರೆ ವಾಕ್ಯ ಬಿಗಿಯಾಗುತ್ತದೆ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯಲ್ಲಿ, ಆಚಾರಗಳನ್ನು ಮುರಿದು ಬಾಳಿದ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂಬುದನ್ನು ಪ್ರಾಣೇಶಾಚಾರ್ಯರು ತೀರ್ಮಾನಿಸಬೇಕಾಗಿದೆ. ಶವ ಮನೆಯಲ್ಲಿರುವಷ್ಟು ಹೊತ್ತು ಅಗ್ರಹಾರದವರು ಉಣ್ಣುವಂತಿಲ್ಲ. ಹಸಿವು ಮತ್ತು ಕೊಳೆಯುವ ಶವ ಎರಡೂ ಸೇರಿ ಧರ್ಮಶಾಸ್ತ್ರದ ಪ್ರಶ್ನೆಯೊಂದನ್ನು ಗಂಟೆಗಳ ಲೆಕ್ಕಕ್ಕೆ ಇಳಿಸುತ್ತವೆ.

ಪ್ರೇರಣೆ

ಬಯಕೆ ಹೊರಗೆ ಕಾಣುವುದು, ಪ್ರೇರಣೆ ಅದರ ಬೇರು. ಶಿವರಾಮ ಕಾರಂತರ 'ಚೋಮನ ದುಡಿ' (1933)ಯಲ್ಲಿ ಚೋಮನಿಗೆ ಬೇಕಾದುದು ಉಳಲು ತನ್ನದೇ ತುಂಡು ಭೂಮಿ. ಅಸ್ಪೃಶ್ಯನಾದ ಜೀತದಾಳಿಗೆ ಬೇಸಾಯ ಸಲ್ಲದೆಂಬ ಕಟ್ಟಳೆಯ ಎದುರು ಈ ಬಯಕೆ ಹೊಟ್ಟೆಪಾಡಿಗಿಂತ ದೊಡ್ಡದಾಗುತ್ತದೆ; ಅದು ಮನುಷ್ಯನೆಂದು ಎಣಿಸಿಕೊಳ್ಳುವ ಬಯಕೆ. ಮತಾಂತರವಾದರೆ ಭೂಮಿ ಸಿಗುವ ಸಂದರ್ಭ ಬಂದಾಗ ಅವನು ಹೊರಟು, ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಅಂದರೆ ಅವನ ಬಯಕೆಗೂ ಅವನಲ್ಲಿರುವ ಇನ್ನೊಂದು ನಿಷ್ಠೆಗೂ ಜಗಳ ಹತ್ತುತ್ತದೆ. ಅಡ್ಡಿಯು ಹೊರಗಿನಿಂದ ಮಾತ್ರ ಬಾರದೆ ಒಳಗಿನಿಂದಲೂ ಬಂದಾಗ ಕಥೆ ಆಳವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಕನ್ನಡದಲ್ಲಿ ವಿರಳ.

ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಅದು 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. 'ನಿವೃತ್ತ ನೌಕರನೊಬ್ಬ ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುತ್ತಾನೆ' ಎಂದರೆ ಅದು ಪತ್ರಿಕೆಯ ವಾಚಕರ ವಾಣಿಗೆ ಸಾಕಾಗುವ ವಿಷಯ. 'ಹೆಂಡತಿಯ ಕೊಳೆಯುತ್ತಿರುವ ಕಾಲಿಗೆ ಚಿಕಿತ್ಸೆ ಮಾಡಿಸಲು ಬೇರೆ ದಾರಿಯಿಲ್ಲದೆ' ಎಂಬ ಕೆಲವು ಪದಗಳು ಸೇರಿದೊಡನೆ ಪ್ರತಿಯೊಂದು ಸಹಿ, ಪ್ರತಿಯೊಂದು 'ನಾಳೆ ಬಾ' ಎಂಬ ಮಾತೂ ಭಾರವಾಗುತ್ತದೆ. ಪಿಂಚಣಿಯ ಮೊತ್ತ ಎರಡೂ ವಾಕ್ಯಗಳಲ್ಲಿ ಒಂದೇ.

ತೆಂಗಿನ ಸೀಮೆಯ ನಿದರ್ಶನಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೂ ನೆರೆಯ ಅರಸೀಕೆರೆ, ಚನ್ನರಾಯಪಟ್ಟಣಗಳನ್ನೂ ಒಳಗೊಂಡ ತೆಂಗಿನ ಸೀಮೆಯು ಕನ್ನಡ ಕಾದಂಬರಿಯಲ್ಲಿ ಗಾಢವಾಗಿ ಮೂಡಿರುವುದು ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970)ದಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರು ಈ ಸೀಮೆಯ ಮಾತು, ಬರ, ಪ್ಲೇಗು, ಶಾನುಭೋಗಿಕೆಗಳನ್ನು ಒಳಗಿನಿಂದ ಬಲ್ಲವರಾಗಿದ್ದರು. ದೊಡ್ಡ ಕಾದಂಬರಿಯಾದರೂ ಇದರ ಬೀಜ ಸರಳ: ಹೊಣೆಯರಿಯದ ಗಂಡನನ್ನೂ ಕ್ರೂರಿಯಾದ ಅತ್ತೆಯನ್ನೂ ಕಟ್ಟಿಕೊಂಡ ನಂಜಮ್ಮ, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮಕ್ಕಳನ್ನು ಉಳಿಸಿ ಮನುಷ್ಯರನ್ನಾಗಿ ಮಾಡಲು ಹೆಣಗುತ್ತಾಳೆ. ಪಣ ಮಕ್ಕಳೇ ಆಗಿರುವುದರಿಂದ, ಪ್ಲೇಗು ಊರಿಗೆ ಬಂದಾಗ ಅದು ಹೊರಗಿನಿಂದ ಬಿದ್ದ ಆಕಸ್ಮಿಕವಾಗಿ ತೋರದೆ ಅವಳ ಹೋರಾಟದ ಮೇಲೆಯೇ ಎರಗಿದ ಪೆಟ್ಟಾಗಿ ಅನುಭವಕ್ಕೆ ಬರುತ್ತದೆ.

ಇತ್ತೀಚಿನ ಕಾಲದಲ್ಲಿ ಈ ಸೀಮೆಯ ವಿದ್ಯಾರ್ಥಿಗಳೂ ಯುವ ಬರಹಗಾರರೂ ಕೈಗೆತ್ತಿಕೊಳ್ಳುವ ವಸ್ತು ಸಹಜವಾಗಿಯೇ ಕೊಬ್ಬರಿ. ಅಂಥದೊಂದು ಕಲ್ಪಿತ ಬೀಜವಾಕ್ಯವನ್ನು ತಿದ್ದುವ ಕ್ರಮವನ್ನು ಇಲ್ಲಿ ವಿವರವಾಗಿ ನೋಡಬಹುದು. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

'ತುರುವೇಕೆರೆಯ ತೆಂಗು ಬೆಳೆಗಾರನೊಬ್ಬ ಕೊಬ್ಬರಿ ಬೆಲೆ ಕುಸಿದು ಕಷ್ಟಪಡುತ್ತಾನೆ.'

ಇದು ಸತ್ಯವಾದ ಮಾತು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಆದರೆ ಸತ್ಯವಾದ ಸ್ಥಿತಿಯೆಲ್ಲ ಕಥೆಯಾಗುವುದಿಲ್ಲ. ಈ ರೈತ ಏನನ್ನೂ ಮಾಡುತ್ತಿಲ್ಲ, ಬೆಲೆಯೇ ಎಲ್ಲವನ್ನೂ ಮಾಡುತ್ತಿದೆ. ಅವನಿಗೆ ಒಂದು ಸಂಕಲ್ಪವನ್ನು ಕೊಟ್ಟರೆ:

'ಬೆಲೆ ಕುಸಿದ ವರ್ಷ ಬೆಳೆಗಾರನೊಬ್ಬ, ಧಾರಣೆ ಏರುವವರೆಗೆ ಅಟ್ಟದ ಕೊಬ್ಬರಿಯನ್ನು ಮಾರುವುದಿಲ್ಲವೆಂದು ಹಟ ಹಿಡಿಯುತ್ತಾನೆ.'

ಈ ಹಟ ಹುಸಿಯಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ, ಎಂಟರಿಂದ ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ಇಂಗಿ, ಅಲುಗಿಸಿದಾಗ ಗಿಟಕು ಸದ್ದು ಮಾಡುವವರೆಗೆ ಕಾಯುವುದು ಉಂಡೆ ಕೊಬ್ಬರಿಯ ಕ್ರಮ. ಕಾಯುವುದೇ ಈ ಸೀಮೆಯ ಕಸುಬು. ಇನ್ನಷ್ಟು ಕಾದರೆ ಏನು ಸಿಗಬಹುದೆಂಬುದಕ್ಕೂ ಸಾಕ್ಷಿಯಿದೆ: 2024ರ ಹಂಗಾಮಿಗೆ ಬೆಂಬಲ ಬೆಲೆ 12,000 ರೂಪಾಯಿ ನಿಗದಿಯಾಗಿತ್ತು, 2025ರಲ್ಲಿ ಮಾರುಕಟ್ಟೆ ಧಾರಣೆಯೇ 20,000 ರೂಪಾಯಿಗಳನ್ನು ದಾಟಿತು. ಸ್ಥಳೀಯ ವಿವರವು ಅಲಂಕಾರವಾಗಿ ನಿಲ್ಲದೆ ಕಥೆಯ ಗಾಲಿಯಾಗಿ ತಿರುಗುವುದು ಹೀಗೆ. ಆದರೂ ಹಟಕ್ಕೆ ಕಾರಣ ಇನ್ನೂ ಬಂದಿಲ್ಲ. ಲಾಭದಾಸೆ ಎಲ್ಲರಿಗೂ ಇರುವಂಥದು, ಆದುದರಿಂದ ಅದು ಇವನೊಬ್ಬನನ್ನು ಗುರುತಿಸಿಕೊಡುವುದಿಲ್ಲ.

'ತಂದೆಯು ಅವಸರದಲ್ಲಿ ಮಾರಿ ಸಾಲ ತೀರಿಸಲಾಗದೆ ಅರ್ಧ ತೋಟವನ್ನು ಕಳೆದುಕೊಂಡದ್ದನ್ನು ಕಂಡು ಬೆಳೆದ ರೈತನು, ಧಾರಣೆ ಏರುವವರೆಗೆ ಅಟ್ಟದ ಕೊಬ್ಬರಿಯನ್ನು ಮಾರುವುದಿಲ್ಲವೆಂದು ಹಟ ಹಿಡಿಯುತ್ತಾನೆ.'

ಈಗ ಪ್ರೇರಣೆ ಬಂದಿತು. ಹಟದ ಹಿಂದೆ ಭಯವಿದೆ, ಭಯದ ಹಿಂದೆ ತಂದೆಯಿದ್ದಾನೆ. ಪಣ ಮಾತ್ರ ಇನ್ನೂ ಒಂದೇ ಕಡೆಗಿದೆ: ಮಾರಿದರೆ ನಷ್ಟ, ಮಾರದಿದ್ದರೆ ಯಾರಿಗೂ ತೊಂದರೆಯಿಲ್ಲ. ಹಾಗಿದ್ದಲ್ಲಿ ಅವನು ಸುಮ್ಮನೆ ಕಾಯುತ್ತಾನೆ, ಓದುಗರೂ ಆಕಳಿಸುತ್ತ ಕಾಯುತ್ತಾರೆ. ಮಾರದಿದ್ದರೂ ನಷ್ಟವಾಗಬೇಕು:

'ತಂದೆಯು ಅವಸರದಲ್ಲಿ ಮಾರಿ ಅರ್ಧ ತೋಟವನ್ನು ಕಳೆದುಕೊಂಡದ್ದನ್ನು ಕಂಡು ಬೆಳೆದ ರೈತನು, ಹತ್ತು ದಿನದೊಳಗೆ ಶುಲ್ಕ ಕಟ್ಟದಿದ್ದರೆ ಮಗಳ ನರ್ಸಿಂಗ್ ಕಾಲೇಜಿನ ಸೀಟು ತಪ್ಪುತ್ತದೆಂದು ತಿಳಿದಾಗ, ಮಾರಲಾರೆನೆಂದು ಕಾದಿಟ್ಟ ಕೊಬ್ಬರಿಯನ್ನು ಪಾತಾಳಕ್ಕಿಳಿದ ಧಾರಣೆಗೆ ಕೊಡಬೇಕೆ ಎಂಬ ಇಕ್ಕಟ್ಟಿಗೆ ಸಿಕ್ಕುತ್ತಾನೆ.'

ತಂದೆಯಂತೆ ಆಗಬಾರದೆಂಬ ಭಯವೂ ತಂದೆಯಾಗಿ ಮಾಡಬೇಕಾದ ಕರ್ತವ್ಯವೂ ಇಲ್ಲಿ ಎದುರುಬದುರು ನಿಂತಿವೆ. ಇಲ್ಲಿಗೆ ನಿಲ್ಲಿಸುವವರು ನಿಲ್ಲಿಸಬಹುದು. ಆದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುವುದು ಲಾಭದಾಯಕ: ಈ ಕಥೆಯಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರು ಯಾರು? ಸೀಟು ಮಗಳದು. ಕಥೆಯನ್ನು ಅವಳ ಕೈಗಿತ್ತರೆ ವಾಕ್ಯ ಬೇರೆಯಾಗುತ್ತದೆ:

'ಹತ್ತು ದಿನದೊಳಗೆ ಶುಲ್ಕ ಕಟ್ಟಬೇಕಾದ ಹುಡುಗಿಯೊಬ್ಬಳು, ಕೊಬ್ಬರಿ ಮಾರಲೊಲ್ಲದ ತಂದೆಗೆ ತಿಳಿಯದಂತೆ ಅಟ್ಟವನ್ನು ಖಾಲಿ ಮಾಡಲು ನಿರ್ಧರಿಸುತ್ತಾಳೆ.'

ಇದು ಹಿಂದಿನದಕ್ಕಿಂತ ಚಿಕ್ಕದು, ಚುರುಕಾದುದು. ಹುಡುಗಿ ಕೆಲಸಕ್ಕೆ ಇಳಿದಿದ್ದಾಳೆ. ಅವಳು ಗೆದ್ದರೆ ತಂದೆಯ ನಂಬಿಕೆ ಹೋಗುತ್ತದೆ, ಸೋತರೆ ಓದು ಹೋಗುತ್ತದೆ. ಪ್ರತಿಯಾಗಿ ಅಜ್ಜನ ತೋಟದ ಕಥೆ ವಾಕ್ಯದಿಂದ ಹೊರಗುಳಿಯಿತು. ಅದು ಕಥೆಯ ಒಳಗೆ, ಬಹುಶಃ ಅಟ್ಟ ಖಾಲಿಯಾದುದು ತಂದೆಗೆ ತಿಳಿಯುವ ದಿನ, ಹೊರಬರಲಿ. ಯಾವುದನ್ನು ಆರಿಸಬೇಕೆಂಬುದು ಬರೆಯುವವರ ಸ್ವಭಾವಕ್ಕೆ ಬಿಟ್ಟದ್ದು. ಇಕ್ಕಟ್ಟನ್ನು ಒಳಗೇ ಅನುಭವಿಸುವವನ ಕಥೆ ಸಣ್ಣಕಥೆಗೆ ಒಗ್ಗುತ್ತದೆ, ಏಣಿ ಹತ್ತುವ ಹುಡುಗಿಯ ಕಥೆ ರಂಗಕ್ಕೂ ತೆರೆಗೂ ಒಗ್ಗುತ್ತದೆ.

ಸಾಮಾನ್ಯ ದೋಷಗಳು

ಪಣವನ್ನು ಹೆಚ್ಚಿಸುವ ಆತುರದಲ್ಲಿ ಸಾವು, ಕ್ಯಾನ್ಸರ್, ಆತ್ಮಹತ್ಯೆಗಳನ್ನು ತಂದು ಸೇರಿಸುವುದು ಶಾಲಾ ಕಾಲೇಜುಗಳ ಕಥಾಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವ ದೋಷ. ಮೇಲಿನ ನಿದರ್ಶನದಲ್ಲಿ ಶುಲ್ಕದ ಬದಲು ಮಗಳಿಗೆ ಮಾರಕ ರೋಗವನ್ನು ಕೊಟ್ಟಿದ್ದರೆ ಪಣ ದೊಡ್ಡದಾಗುತ್ತಿತ್ತು, ಇಕ್ಕಟ್ಟು ಮಾತ್ರ ಮಾಯವಾಗುತ್ತಿತ್ತು; ಯಾವ ತಂದೆಯೂ ಆಗ ಧಾರಣೆಯನ್ನು ನೋಡುತ್ತ ಕೂರುವುದಿಲ್ಲ. ರೈತರ ಆತ್ಮಹತ್ಯೆಯನ್ನು ಕಥೆ ಮುಗಿಸುವ ಸಾಧನವಾಗಿ ಬಳಸುವುದಂತೂ ಕಲೆಯ ದೃಷ್ಟಿಯಿಂದ ದುರ್ಬಲ, ಬದುಕಿನ ದೃಷ್ಟಿಯಿಂದ ಅನುಚಿತ.

'ಆಗ ಅವನ ಬಾಳಿನಲ್ಲಿ ಅನಿರೀಕ್ಷಿತ ತಿರುವೊಂದು ಬರುತ್ತದೆ' ಎಂದು ವಾಕ್ಯವನ್ನು ಮುಗಿಸುವುದು ಇನ್ನೊಂದು ದೋಷ. ಅದು ಭಿತ್ತಿಪತ್ರದ ಭಾಷೆ. ತಿರುವು ಏನೆಂಬುದನ್ನು ಬರೆಯುವವರು ತಮ್ಮಿಂದಲೇ ಬಚ್ಚಿಟ್ಟುಕೊಂಡರೆ ಬೀಜವಾಕ್ಯದಿಂದ ಪ್ರಯೋಜನವಿಲ್ಲ. ಹೆಸರುಗಳನ್ನು ತುಂಬುವುದೂ ಸಲ್ಲದು. 'ರಾಮಣ್ಣ' ಎಂಬುದು ಏನನ್ನೂ ಹೇಳುವುದಿಲ್ಲ, 'ಮಾತು ಬಾರದ ಹರಾಜುಗಾರ' ಎಂಬುದು ಬಹಳವನ್ನು ಹೇಳುತ್ತದೆ. ವ್ಯಕ್ತಿಯ ಗುಣಕ್ಕೂ ಅವನು ಮಾಡಬೇಕಾದ ಕೆಲಸಕ್ಕೂ ಇಂಥ ವಿರೋಧವಿದ್ದರೆ ಪ್ರೇರಣೆಯನ್ನು ಬೇರೆಯಾಗಿ ವಿವರಿಸುವ ಶ್ರಮವೂ ತಪ್ಪುತ್ತದೆ. ರಾಮ್ ರೆಡ್ಡಿಯವರ 'ತಿಥಿ' (2015) ಚಿತ್ರವು ಮಂಡ್ಯ ಸೀಮೆಯ ಹಳ್ಳಿಯ ಬದುಕನ್ನು ಅಲೆದಾಡುತ್ತ ತೋರಿಸುವಂತೆ ಕಂಡರೂ ಅದರ ನಡುವೆ ಇರುವ ಎಳೆ ಇಂಥದೇ: ಜಮೀನು ಮಾರಲು ಹೊರಟ ಮಗನು ಬದುಕಿರುವ ತಂದೆಯನ್ನು ಕಾಗದದ ಮೇಲೆ ಸತ್ತವನನ್ನಾಗಿಸುತ್ತಾನೆ. ಶತಾಯುಷಿ ಅಜ್ಜನ ತಿಥಿಯ ಹನ್ನೊಂದನೆಯ ದಿನ ಅದಕ್ಕೆ ಗಡುವಿನಂತಿದೆ.

ಮಿತಿಗಳು

ಎಲ್ಲ ಶ್ರೇಷ್ಠ ಕೃತಿಗಳೂ ಒಂದು ವಾಕ್ಯಕ್ಕೆ ಒಗ್ಗುವುದಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ನಾಯಿಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ಒಂದು ಎಳೆ. ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಮೊದಲಾದವರದು ಬೇರೆ ಬೇರೆ ಎಳೆಗಳು. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ದರ್ಶನದ ಮೇಲೆ ನಿಂತ ಕೃತಿಯಲ್ಲಿ ಒಬ್ಬನ ಬಯಕೆಯನ್ನು ಆರಿಸಿ ವಾಕ್ಯ ಮಾಡಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಭಾವಗೀತಾತ್ಮಕವಾದ ಸಣ್ಣಕಥೆಗಳು, ಪ್ರಬಂಧಕ್ಕೆ ಸಮೀಪವಾದ ಬರಹಗಳು, ನೆನಪಿನ ಕಥನಗಳು ಇವೂ ಈ ಅಳತೆಗೆ ಸಿಕ್ಕುವುದಿಲ್ಲ.

ಬರೆಯುತ್ತ ಹೋದಂತೆ ಬೀಜವಾಕ್ಯ ಬದಲಾಗುವುದೂ ಸಹಜ. ಮೇಲಿನ ನಿದರ್ಶನದ ಹುಡುಗಿ ಅಟ್ಟ ಹತ್ತಿದ ಮೇಲೆ, ಅಲ್ಲಿರುವ ಕೊಬ್ಬರಿ ತಂದೆ ಹೇಳಿದ್ದಕ್ಕಿಂತ ಬಹಳ ಕಡಮೆಯೆಂದು ಕಂಡುಕೊಂಡರೆ, ತಂದೆ ಈ ಮೊದಲೇ ಗುಟ್ಟಾಗಿ ಮಾರಿದ್ದಾನೆಂದು ತಿಳಿದರೆ, ವಾಕ್ಯವನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ. ಅನುಭವಿಗಳಾದ ಚಿತ್ರಕಥೆಗಾರರಲ್ಲಿ ಹಲವರು ಚಿತ್ರಕಥೆ ಮುಗಿದ ಮೇಲೆ ಇನ್ನೊಮ್ಮೆ ಬೀಜವಾಕ್ಯವನ್ನು ಬರೆದು ಮೊದಲಿನದರೊಡನೆ ಹೋಲಿಸಿ ನೋಡುತ್ತಾರೆ.